ಮೋಟರ್ ಆಮೇಲೆ ಮಾರಾಯ, ಮೊದಲು ಬ್ಯಾಟರಿ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನೋಡಿದೆ. ದೋಣಿ ಬಂತು, ಇನ್ನು ಟ್ರೋಲಿಂಗ್ ಮೋಟರ್ (ಬ್ಯಾಟರಿಯಿಂದ ಓಡುವ ಚಿಕ್ಕ ದೋಣಿ ಮೋಟರ್) ಒಂದೇ ಬಾಕಿ, 30 ಪೌಂಡಿನದು ತಗೊಳ್ಳಲಾ 55ರದು ತಗೊಳ್ಳಲಾ ಅಂತ ಒಂದೇ ಸಾಲು ಬರೆದಿದ್ದೀಯ. ನಾನೂ ಒಂದು ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇದೇ ಪ್ರಶ್ನೆ ಹಿಡಿದುಕೊಂಡು ಮೋಟರ್ ತಂದು, ಮೊದಲ ತಿಂಗಳಲ್ಲೇ ಹುಟ್ಟು ಹಾಕಿಕೊಂಡು ದಡ ಸೇರಿದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ತಲೆ ಕೆರೆದುಕೊಳ್ಳುತ್ತಿರುವವರು ಇನ್ನೂ ನಾಲ್ಕು ಜನ ಇರುತ್ತಾರೆ.

ಪೌಂಡ್ ಅಂದರೆ ಮೋಟರಿನ ತೂಕವಲ್ಲ. ದೋಣಿಯನ್ನು ನೂಕುವ ಬಲ, ಥ್ರಸ್ಟ್ ಅಂತಾರಲ್ಲ, ಅದು. ಜಾಸ್ತಿ ಪೌಂಡ್ ಇದ್ದರೆ ಜಾಸ್ತಿ ಸ್ಪೀಡ್ ಬರುತ್ತದೆ ಅಂದುಕೊಳ್ಳಬೇಡ. ಇದರ ಪ್ರೊಪೆಲರ್, ಅಂದರೆ ನೀರಿನಲ್ಲಿ ತಿರುಗುವ ರೆಕ್ಕೆ, ನಿಧಾನಕ್ಕೆಂದೇ ಮಾಡಿದ್ದು. ಚಿಕ್ಕ ದೋಣಿ ಗಂಟೆಗೆ ಐದಾರು ಕಿಲೋಮೀಟರ್ ಹೋದರೆ ಹೆಚ್ಚು. ಬಲ ಜಾಸ್ತಿ ಇದ್ದರೆ ಭಾರ ಹೇರಿದಾಗಲೂ, ಎದುರುಗಾಳಿ ಬಂದಾಗಲೂ ಹೆಚ್ಚುಕಮ್ಮಿ ಅದೇ ವೇಗ ಉಳಿಯುತ್ತದೆ, ಅಷ್ಟೇ. ಟ್ರೋಲಿಂಗ್ ಅಂದರೇ ಗಾಳವನ್ನು ನೀರಿಗೆ ಬಿಟ್ಟು ದೋಣಿಯ ಹಿಂದೆ ಮೆಲ್ಲಗೆ ಎಳೆದುಕೊಂಡು ಹೋಗುವುದು. ಫೋನಿನಲ್ಲಿ ಜನರ ಕಾಲೆಳೆಯುವ ಟ್ರೋಲ್ ಬೇರೆ. ಇಲ್ಲೂ ಮೀನನ್ನು ಕೆಣಕುವ ಕೆಲಸವಂತೂ ಇದೆ ಅನ್ನು.

ಈಗ ಲೆಕ್ಕ. ತುಂಬಿದ ದೋಣಿಯ ಪ್ರತಿ 45 ಕಿಲೋಗೆ 2 ಪೌಂಡ್ ಬಲ ಬೇಕು ಅನ್ನುವುದು ಎಲ್ಲರೂ ಹಿಡಿಯುವ ಅಂದಾಜು. 'ತುಂಬಿದ' ಅನ್ನುವ ಮಾತು ಮರೆಯಬೇಡ. ನಿನ್ನ ದೋಣಿ 120 ಕಿಲೋ ಅಂದೆ. ನೀವು ಇಬ್ಬರು ಸೇರಿ 150 ಹಿಡಿ. ಬ್ಯಾಟರಿ, ಐಸ್ ಪೆಟ್ಟಿಗೆ, ಲಂಗರು, ಬಲೆ, ಎಲ್ಲ ಸೇರಿ ಇನ್ನೊಂದು 60. ಒಟ್ಟು 330 ಕಿಲೋ. ಲೆಕ್ಕದ ಪ್ರಕಾರ 15 ಪೌಂಡ್ ಸಾಕು! ಅಂದರೆ 30 ಪೌಂಡೇ ಧಾರಾಳ ಅನ್ನಿಸುತ್ತದೆ, ಅಲ್ವಾ?

ನಾನೂ ಹಾಗೇ ಅಂದುಕೊಂಡೆ. ಆ ಲೆಕ್ಕ ನಿಂತ ನೀರಿಗೆ, ಗಾಳಿ ಇಲ್ಲದ ಹೊತ್ತಿಗೆ. ಚಿಕ್ಕ ದೋಣಿಯ ತಳ ಆಳವಿಲ್ಲ, ಪಕ್ಕದ ಹಲಗೆ ಎತ್ತರ. ಗಾಳಿಗೆ ಅದು ಒಣಗಿದ ಎಲೆ ಇದ್ದ ಹಾಗೆ. ಮಧ್ಯಾಹ್ನದ ಗಾಳಿ ಎದ್ದಾಗ ನನ್ನ 30 ಪೌಂಡಿನ ಮೋಟರ್ ಪೂರ್ತಿ ತಿರುಗಿಸಿದರೂ ದೋಣಿ ಇದ್ದಲ್ಲೇ ಇತ್ತು. ಅರ್ಧ ಗಂಟೆ ಹಾಗೆ ಗುದ್ದಾಡಿದ ಮೇಲೆ ಬ್ಯಾಟರಿಯೂ ಕೈ ಎತ್ತಿತು. ನಾನು ಹುಟ್ಟು ಹಾಕಿಕೊಂಡು ಬಂದ ಕಥೆ ಅದೇ. ಆದ್ದರಿಂದ ನಿನಗೆ ನಾನು ಹೇಳುವುದು 45, ಇಲ್ಲವೇ 55. ದೊಡ್ಡ ಮೋಟರನ್ನು ಕಡಿಮೆಯಲ್ಲಿ ಓಡಿಸುವುದು, ಚಿಕ್ಕದನ್ನು ಯಾವಾಗಲೂ ಉಸಿರುಗಟ್ಟಿಸುವುದಕ್ಕಿಂತ ಒಳ್ಳೆಯದು. 55ಕ್ಕಿಂತ ದೊಡ್ಡದರ ಮೇಲೆ ಮಾತ್ರ ಕಣ್ಣು ಹಾಕಬೇಡ. ಅಲ್ಲಿಯವರೆಗೆ 12 ವೋಲ್ಟಿನ ಒಂದೇ ಬ್ಯಾಟರಿ ಸಾಕು. 70–80 ಪೌಂಡಿಗೆ 24 ವೋಲ್ಟ್ ಬೇಕು, ಅಂದರೆ ಎರಡು ಬ್ಯಾಟರಿ. 100 ದಾಟಿದರೆ 36 ವೋಲ್ಟ್, ಮೂರು ಬ್ಯಾಟರಿ. ನಿನ್ನ ದೋಣಿಯಲ್ಲಿ ಅಷ್ಟು ಇಟ್ಟರೆ ಮೀನಿಗೆ ಜಾಗ ಎಲ್ಲಿ?

ಇನ್ನು ಬ್ಯಾಟರಿ. ಇಲ್ಲಿ ನಿಧಾನವಾಗಿ ಓದು.

ಒಂದು ಹಳೇ ಕಥೆ ಇದೆ. 1934ರಲ್ಲಿ ಅಮೆರಿಕದ ಫಾರ್ಗೊ ಊರಿನ ಓ. ಜಿ. ಶ್ಮಿಟ್ ಅನ್ನುವವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರ್ ಬಿಚ್ಚಿ, ಅದಕ್ಕೆ ಬಾಗುವ ಶಾಫ್ಟ್ ಮತ್ತು ಪ್ರೊಪೆಲರ್ ಸೇರಿಸಿ ಟ್ರೋಲಿಂಗ್ ಮೋಟರ್ ಮಾಡಿದರು. ಟ್ರೋಲಿಂಗ್ ಮೋಟರ್ ಮಾಡುವ ಮಿನ್ ಕೋಟಾ ಕಂಪನಿ ಶುರುವಾದದ್ದು ಹಾಗೆ. ತಮಾಷೆ ನೋಡು, ಕಾರಿನ ಮೋಟರಿನಿಂದ ಹುಟ್ಟಿದ ಯಂತ್ರಕ್ಕೆ ಕಾರಿನ ಬ್ಯಾಟರಿಯೇ ಆಗಿಬರುವುದಿಲ್ಲ. ಕಾರಿನ ಬ್ಯಾಟರಿ ಒಂದೆರಡು ಸೆಕೆಂಡು ಭಾರೀ ಕರೆಂಟ್ ಕೊಟ್ಟು ಸುಮ್ಮನಾಗುವಂಥದ್ದು. ಗಂಟೆಗಟ್ಟಲೆ ಹಿಂಡಿದರೆ ಒಳಗಿನ ತೆಳು ಪ್ಲೇಟುಗಳು ಬೇಗ ಹಾಳಾಗುತ್ತವೆ. ನಿನಗೆ ಬೇಕಾದದ್ದು ಡೀಪ್ ಸೈಕಲ್ ಬ್ಯಾಟರಿ, ಅಂದರೆ ಗಂಟೆಗಟ್ಟಲೆ ಕರೆಂಟ್ ಕೊಡಲೆಂದೇ ಮಾಡಿದ್ದು. ಮನೆಯಲ್ಲಿ ಹಳೇ ಕಾರಿನದು ಸುಮ್ನೆ ಬಿದ್ದಿದೆ ಅಂತ ಅದನ್ನು ತರಬೇಡ.

ಎಷ್ಟು ದೊಡ್ಡದು? 12 ವೋಲ್ಟಿನ ಮೋಟರ್ ಪೂರ್ತಿ ಓಡುವಾಗ ಪೌಂಡಿಗೆ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. 45 ಪೌಂಡಿಗೆ 45 ಆಂಪಿಯರ್ ಅಂತ ಇಟ್ಟುಕೋ. ಬ್ಯಾಟರಿಯ ದಾಸ್ತಾನನ್ನು ಆಂಪಿಯರ್-ಅವರ್‌ನಲ್ಲಿ, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿ ಹೇಳುತ್ತಾರೆ. 100 ಆಂಪಿಯರ್-ಅವರ್‌ನ ಬ್ಯಾಟರಿ ಅಂದರೆ ಎರಡು ಗಂಟೆ ಅನ್ನಿಸುತ್ತದೆ. ಇಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯಸ್ಸು ಹೋಗುತ್ತದೆ. ಹಾಗಾಗಿ ನಿನ್ನ ಕೈಗೆ ಸಿಗುವುದು 50. ಅದೂ ಜೋರಾಗಿ ಎಳೆದರೆ ಪೂರ್ತಿ ಸಿಗುವುದಿಲ್ಲ. ಪೂರ್ತಿ ವೇಗದಲ್ಲಿ ಒಂದು ಗಂಟೆಯೂ ಕಷ್ಟ. ಅದೇ ಮೆಲ್ಲಗೆ ಹೋಗುತ್ತಾ 10 ಆಂಪಿಯರ್ ಎಳೆದರೆ ಐದು ಗಂಟೆ. ವೇಗ ಅರ್ಧಕ್ಕೆ ಇಳಿಸಿದರೆ ಕರೆಂಟ್ ಅರ್ಧಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ. ನಾನು ಅವತ್ತು ಬೆಳಿಗ್ಗೆಯೆಲ್ಲ ಸುತ್ತಾಡಿದ್ದು ಈ ಮೆಲ್ಲಗಿನ ಲೆಕ್ಕದಲ್ಲಿ, ವಾಪಸ್ ಬರುವಾಗ ಸಿಕ್ಕಿಬಿದ್ದದ್ದು ಆ ಪೂರ್ತಿ ವೇಗದ ಲೆಕ್ಕದಲ್ಲಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದರೆ ನೂರರಲ್ಲಿ ಎಂಬತ್ತನ್ನು ಧೈರ್ಯವಾಗಿ ಬಳಸಬಹುದು. ತೂಕವೂ 12 ಕಿಲೋ ಆಸುಪಾಸು. ಅಷ್ಟೇ ಸಾಮರ್ಥ್ಯದ ಲೆಡ್ ಆಸಿಡ್ 28–30 ಕಿಲೋ ತೂಗುತ್ತದೆ. ಸೊಂಟ ನೋವಿನವನು ನೀನು, ಯೋಚನೆ ಮಾಡು. ದುಡ್ಡು ಮಾತ್ರ ಜಾಸ್ತಿ ಬೀಳುತ್ತದೆ. ಅದನ್ನೇ ತಗೊಳ್ಳುವುದಾದರೆ ಎರಡು ವಿಷಯ ಕೇಳಿ ನೋಡು. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪಿಯರನ್ನು ಬಿಡದೆ ಕೊಡಲು ಒಪ್ಪುತ್ತದೆ ಅನ್ನುವುದು ಒಂದು. ಅದು ಮೋಟರ್ ಎಳೆಯುವುದಕ್ಕಿಂತ ಕಡಿಮೆ ಇದ್ದರೆ ನಡು ನೀರಿನಲ್ಲಿ ಟಪ್ ಅಂತ ಆಫ್ ಆಗುತ್ತದೆ. ಇನ್ನೊಂದು, ಚಾರ್ಜರ್ ಲಿಥಿಯಂಗೆ ಹೊಂದುವುದೇ ಇರಬೇಕು. ಹಳೇ ಚಾರ್ಜರ್ ಸಿಕ್ಕಿಸಿ ನೋಡೋಣ ಅನ್ನುವ ಪ್ರಯೋಗ ಬೇಡ.

ವೇಗ ಬದಲಿಸುವುದರಲ್ಲೂ ಎರಡು ಜಾತಿ ಇವೆ. ಅಗ್ಗದವು ಮುಂದಕ್ಕೆ ಐದು, ಹಿಂದಕ್ಕೆ ಮೂರು ಅಂತ ಗೇರ್ ಥರ ಇರುತ್ತವೆ. ಕಡಿಮೆ ವೇಗದಲ್ಲಿ ಉಳಿದ ಕರೆಂಟ್ ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಇನ್ನೊಂದು ಪಿಡಬ್ಲ್ಯುಎಂ, ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹೊಂದಿಸುವಂಥದ್ದು, ರೆಗ್ಯುಲೇಟರ್ ತಿರುಗಿಸಿದ ಹಾಗೆ ಎಷ್ಟು ಬೇಕೋ ಅಷ್ಟು. ಮೆಲ್ಲಗೆ ಹೋಗುವುದೇ ನಿನ್ನ ಕೆಲಸ ಆದ್ದರಿಂದ ಇಲ್ಲಿ ಕಂಜೂಸ್ ಆಗಬೇಡ. ಹತ್ತು ಪೌಂಡ್ ಜಾಸ್ತಿ ತಗೊಳ್ಳುವುದಕ್ಕಿಂತ ಇದು ಉಪಯೋಗ.

ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಮುಂದೆ ಕಟ್ಟಿದರೆ ದೋಣಿಯನ್ನು ಎಳೆಯುತ್ತದೆ, ಹಿಂದೆ ಕಟ್ಟಿದರೆ ನೂಕುತ್ತದೆ. ಎಳೆಯುವಾಗ ಹಿಡಿತ ಚೆನ್ನಾಗಿರುತ್ತದೆ, ನಿಜ. ಹಗ್ಗ ಕಟ್ಟಿದ ಕರುವನ್ನು ಹಿಂದಿನಿಂದ ನೂಕಿ ನೋಡು, ಗೊತ್ತಾಗುತ್ತದೆ. ಆದರೆ ಮುಂದೆ ಕೂರಿಸುವ ಮೋಟರಿಗೆ ಚಪ್ಪಟೆ ಜಾಗ ಬೇಕು, ದುಡ್ಡೂ ಜಾಸ್ತಿ. ಜಿಪಿಎಸ್ ಹಿಡಿದು ಇದ್ದಲ್ಲೇ ನಿಲ್ಲುವ ಮೋಟರ್ ಕೂಡ ಇದೆ, ನೋಡಿದರೆ ಆಸೆಯಾಗುತ್ತದೆ. ನಿನಗೆ ಈಗ ಹಿಂಬದಿಯ ಹಲಗೆಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವುದೇ ಸಾಕು.

ಶಾಫ್ಟಿನ, ಅಂದರೆ ಮೇಲಿನ ಹಿಡಿಯಿಂದ ನೀರಿನೊಳಗೆ ಇಳಿಯುವ ಕೊಳವೆಯ, ಉದ್ದ ಮಾತ್ರ ಅಳತೆ ಮಾಡದೆ ತರಬೇಡ. ಪ್ರೊಪೆಲರಿನ ಮೇಲ್ತುದಿ ನೀರಿನಿಂದ ಒಂದು ಅಡಿ, ಅಂದರೆ 30 ಸೆಂಟಿಮೀಟರ್ ಕೆಳಗಿರಬೇಕು. ನಾನು ಖಾಲಿ ದೋಣಿಯಲ್ಲಿ ಒಬ್ಬನೇ ಹಿಂದೆ ಕೂತು ಅಳೆದೆ. ಆಮೇಲೆ ಇಬ್ಬರು ಮುಂದೆ ಹೋಗಿ ಕೂತಾಗ ಹಿಂಬದಿ ಮೇಲೆದ್ದಿತು. ಪ್ರೊಪೆಲರ್ ಗಾಳಿ ಕುಡಿದು ಗುಳುಗುಳು ಅಂತ ಸದ್ದು ಮಾಡಿತೇ ಹೊರತು ದೋಣಿ ಕದಲಲಿಲ್ಲ. ಇದ್ದಬದ್ದ ಮೀನೂ ಓಡಿಹೋದವು. ಜನರನ್ನು ಕೂರಿಸಿಯೇ ಅಳೆ. ಹಾಂ, ಬ್ಯಾಟರಿಯನ್ನು ದೋಣಿಯ ಮುಂಭಾಗಕ್ಕೆ ಇಟ್ಟರೆ ಹಿಂದೆ ಕೂತ ನಿನ್ನ ತೂಕಕ್ಕೆ ಸಮ ಆಗುತ್ತದೆ. ಆಗ ವೈರ್ ಉದ್ದ ಆಗುತ್ತದೆ, ಆದ್ದರಿಂದ ದಪ್ಪದ್ದೇ ಹಾಕು. ತೆಳು ವೈರಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ, ವೈರೂ ಬಿಸಿಯಾಗುತ್ತದೆ. ಬ್ಯಾಟರಿಯ ಹತ್ತಿರವೇ ಒಂದು ಸರ್ಕ್ಯೂಟ್ ಬ್ರೇಕರ್, ಮೋಟರಿನ ಪುಸ್ತಕದಲ್ಲಿ ಹೇಳಿದ ಆಂಪಿಯರಿನದು. ಕ್ಲಿಪ್ ಕಚ್ಚಿಸಿ ಓಡಿಸಬೇಡ, ನಟ್ ಬಿಗಿ ಮಾಡು.

ಉಪ್ಪು ನೀರಿಗೆ ಇಳಿಯುವ ಆಸೆ ಇದ್ದರೆ ಅದಕ್ಕೆಂದೇ ಮಾಡಿದ ಮೋಟರ್ ತಗೋ, ಸತುವಿನ ಆನೋಡ್ (ಮೋಟರಿನ ಲೋಹದ ಬದಲು ತಾನು ಸವೆಯುವ ತುಂಡು) ಸವೆದಾಗ ಬದಲಿಸು, ಬಂದ ತಕ್ಷಣ ಸಿಹಿನೀರಿನಲ್ಲಿ ತೊಳೆ. ಕೆರೆಯಲ್ಲಿ ಜೊಂಡು ಜಾಸ್ತಿ ಇದ್ದರೆ ಕಳೆ ಸುತ್ತದ ಪ್ರೊಪೆಲರ್ ಕೇಳು.

ಕಳೆಗಿಂತ ಕೆಟ್ಟದ್ದು ನಮ್ಮದೇ ಗಾಳದ ದಾರ. ಪ್ರೊಪೆಲರಿನ ಹಿಂದೆ ಸುತ್ತಿಕೊಂಡು, ಕಣ್ಣಿಗೆ ಕಾಣದೆ ಅಲ್ಲೇ ಕೂತು ಸೀಲನ್ನು ಕೊಯ್ಯುತ್ತದೆ. ನೀರು ಒಳಗೆ ಹೋದರೆ ಮೋಟರ್ ಮುಗಿದ ಹಾಗೆ. ಆಗಾಗ ಪ್ರೊಪೆಲರಿನ ನಟ್ ಬಿಚ್ಚಿ ನೋಡುತ್ತಿರು. ಬ್ಯಾಟರಿ ತಂತಿ ಕಳಚಿದ ಮೇಲೆ ನೋಡು, ಬೆರಳು ಐದೂ ಬೇಕಲ್ಲ.

ಈ ಭಾನುವಾರ ದೋಣಿಯನ್ನು ನೀರಿಗಿಳಿಸಿ, ಎಲ್ಲರನ್ನೂ ಕೂರಿಸಿ, ಹಿಂಬದಿ ಹಲಗೆಯ ಅಂಚಿನಿಂದ ನೀರಿಗೆ ಎಷ್ಟು ಇಂಚು ಅಂತ ಅಳೆದು ಕಳಿಸು. ಶಾಫ್ಟ್ 30 ಇಂಚಿನದೋ 36ರದೋ ಆಮೇಲೆ ಹೇಳುತ್ತೇನೆ. ಮೋಟರ್ ಬಂದ ಮೇಲೂ ಹುಟ್ಟುಗಳನ್ನು ಅಟ್ಟಕ್ಕೆ ಹಾಕಬೇಡ. ನನ್ನವು ಇನ್ನೂ ದೋಣಿಯಲ್ಲೇ ಇವೆ.

ಇಂತಿ,
ನಿನ್ನ ಹಳೇ ಗಾಳದ ಜೊತೆಗಾರ