ಎರಡು ಕೋಣೆ ಸಾಕು, ಮಗಳೇ

ಪೊನ್ನಂಪೇಟೆ, ಕೊಡಗು

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಮೊಬೈಲಿಗೆ ಕಳುಹಿಸಿದ ನಕ್ಷೆಯನ್ನು ನೋಡಿದೆ. ಕೆರೆಯ ದಂಡೆಯಲ್ಲಿ ನಾಲ್ಕು ಕಾಟೇಜು, ನಡುವೆ ಬೆಂಕಿ ಹಾಕಲು ಜಾಗ, ಗೇಟಿಗೆ ‘ಸಾವಯವ, ಪರಿಸರಸ್ನೇಹಿ ಹೋಂಸ್ಟೇ’ ಎಂಬ ಫಲಕ. ಆ ನಕ್ಷೆ ಬರೆದವರು ಬಿಸಿಲು ಕಾಲದ ರಾತ್ರಿಯಲ್ಲಿ ನಮ್ಮ ಕಡೆಯ ಕೆರೆಯೊಂದನ್ನೂ ನೋಡಿದವರಲ್ಲ. ಈ ಮಾತನ್ನು ಫೋನಿನಲ್ಲಿ ಆಡಿದರೆ ನನಗೆ ಸಿಟ್ಟು ಬರುತ್ತದೆ, ನಿನಗೆ ಅಳು ಬರುತ್ತದೆ. ಅದಕ್ಕೇ ಕಾಗದ.

ನೀನು ಬೆಂಗಳೂರು ಬಿಟ್ಟು ತೋಟಕ್ಕೆ ಬರುವುದು ನನಗೆ ಸಂತೋಷವೇ. ನಾಲ್ಕು ಜನರಿಗೆ ಹಾಸಿಗೆ ಹಾಸಿ, ಬೆಳಿಗ್ಗೆ ತಿಂಡಿ ಕೊಟ್ಟು ದುಡ್ಡು ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಬ್ಯಾಂಕಿನ ಸಾಲದ ಬಗ್ಗೆ. ಸಾಲ ಮಾಡಿ ಕಟ್ಟಿದ ಕೋಣೆ ಪ್ರತಿ ಶನಿವಾರ ತುಂಬಲೇಬೇಕು. ತುಂಬಬೇಕೆಂದರೆ ಬಂದವರು ಕೇಳಿದ್ದಕ್ಕೆಲ್ಲ ಹೂಂ ಎನ್ನಬೇಕು. ಮೊದಲು ಸ್ಪೀಕರ್ ಕೇಳುತ್ತಾರೆ, ಆಮೇಲೆ ಮರಗಳಿಗೆ ಬಣ್ಣದ ದೀಪ, ಕೊನೆಗೆ ರಾತ್ರಿ ಜೀಪಿನಲ್ಲಿ ಆನೆ ತೋರಿಸಿ ಎನ್ನುತ್ತಾರೆ. ಮನೆಯ ಹಿಂಬದಿಯಲ್ಲಿ ಬೀಗ ಹಾಕಿಟ್ಟ ಎರಡು ಕೋಣೆಗಳಿವೆಯಲ್ಲ, ಅವನ್ನೇ ಸರಿಮಾಡಿಸು. ತೋಟದ ಖರ್ಚು ಕಾಫಿ, ಮೆಣಸಿನಲ್ಲೇ ನಡೆಯಲಿ. ಅತಿಥಿಗಳಿಂದ ಬಂದದ್ದು ಮೇಲಿನ ಆದಾಯವಾಗಿದ್ದರೆ ಮಾತ್ರ ‘ಅದು ನಮ್ಮಲ್ಲಿ ಇಲ್ಲ’ ಎಂದು ನಗುತ್ತಾ ಹೇಳಲು ನಿನಗೆ ಸಾಧ್ಯ.

ಕೆರೆಯ ವಿಷಯಕ್ಕೆ ಬರುತ್ತೇನೆ. ಅದನ್ನು ತೋಡಿಸಿದ್ದು ಕಾಫಿ ಹೂವಾಗಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಲು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಾಡಿನ ನೀರು ಬತ್ತಿದಾಗ ನಾಗರಹೊಳೆ ಕಡೆಯ ಆನೆಗಳೂ ಅಲ್ಲಿಗೇ ಬರುತ್ತವೆ. ಹಲಸು ಹಣ್ಣಾಗುವ ಹೊತ್ತಿಗೆ ಮತ್ತೆ ಬರುತ್ತವೆ, ಗದ್ದೆಯಲ್ಲಿ ಭತ್ತ ತೆನೆಯಾದಾಗ ಇನ್ನೊಮ್ಮೆ. ಅವುಗಳ ದಾರಿಗೆ ಅಡ್ಡವಾಗಿ ಕಾಟೇಜು ಕಟ್ಟಿ ಸುತ್ತ ಸೋಲಾರ್ ಬೇಲಿ ಎಳೆದರೆ ಆನೆ ಹಿಂದಕ್ಕೆ ಹೋಗುವುದಿಲ್ಲ, ಪಕ್ಕದವರ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಅಂಗಳಕ್ಕೆ ಹೋಗುತ್ತದೆ. ಅಲ್ಲಿ ಮಲಗಿರುವವರು ನಿನ್ನ ಅತಿಥಿಗಳಲ್ಲ, ಬೆಳಗಾದರೆ ಕೆಲಸಕ್ಕೆ ಹೋಗಬೇಕಾದ ಯರವ ಬುಡಕಟ್ಟಿನ ಸಂಸಾರಗಳು. ಮುಂಜಾನೆ ಮಂಜಿನಲ್ಲಿ ತೋಟದ ದಾರಿ ನಡೆಯುವಾಗ ಆನೆಗೆ ಸಿಕ್ಕಿ ಸತ್ತವರ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ!

ಆದ್ದರಿಂದ ಅತಿಥಿಗಳಿಗೆ ಮೊದಲೇ ಹೇಳಿಬಿಡು: ಕತ್ತಲಾದ ಮೇಲೆ ಅಂಗಳ ದಾಟುವಂತಿಲ್ಲ, ಬೆಳಿಗ್ಗೆ ಬಿಸಿಲು ಬಿದ್ದ ನಂತರ, ತೋಟದ ಮೇಲ್ವಿಚಾರಕ ರೈಟರ್ ದಾರಿ ನೋಡಿ ಬಂದ ಮೇಲೆಯೇ ತೋಟದ ನಡಿಗೆ. ಆನೆ ನೋಡಲೇಬೇಕು ಎನ್ನುವವರನ್ನು ಸಫಾರಿ ನಡೆಯುವ ದಿನಗಳಲ್ಲಿ ಕುಟ್ಟದ ಹತ್ತಿರದ ನಾಣಚ್ಚಿ ಗೇಟಿಗೆ ಕಳುಹಿಸು. ನಿನ್ನ ಜಾಹೀರಾತಿನಲ್ಲಿ ಆನೆಯ ಫೋಟೋ ಇರಲೇಬಾರದು. ತೋರಿಸಲು ಬೇರೆ ಏನಿಲ್ಲ? ಗೋಣಿಮರದಲ್ಲಿ ಹಣ್ಣಾದಾಗ ಮಂಗಟ್ಟೆ ಹಕ್ಕಿಗಳು ಬರುತ್ತವೆ, ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಆ ಮರಗಳನ್ನು ಕಡಿದು ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಯೂ ಹಬ್ಬುತ್ತದೆ, ಆದರೆ ಹಣ್ಣು ತಿನ್ನುವ ಹಕ್ಕಿಗೆ ಅದರಲ್ಲಿ ಏನೂ ಇಲ್ಲ. ಮಳೆಗಾಲ ಹಿಡಿಯುವ ಮುಂಚಿನ ವಾರಗಳಲ್ಲಿ ತೋಡಿನ, ಅಂದರೆ ನಮ್ಮ ಸಣ್ಣ ಹಳ್ಳದ, ಪಕ್ಕ ಮಿಂಚುಹುಳುಗಳ ಹಬ್ಬ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದೇ ಆ ಮಿನುಗಿನಿಂದ. ಅಲ್ಲಿ ಫ್ಲಡ್ ಲೈಟ್ ಹಾಕಿದರೆ ಅವುಗಳ ಸಂಸಾರವೇ ಕೆಟ್ಟಿತು. ಬಾಗಿಲ ಬಳಿ ಒಂದು ಹಳದಿ ಬಲ್ಬು, ಕೈಯಲ್ಲೊಂದು ಟಾರ್ಚು ಸಾಕು.

ಇನ್ನು ‘ಸಾವಯವ’ ಎಂಬ ಫಲಕ. ಕಳೆದ ಮಳೆಗಾಲದಲ್ಲಿ ನಿನ್ನಪ್ಪ ಕಳೆನಾಶಕ ಹೊಡೆಸಿದ್ದಾರೆ, ಅವರನ್ನೇ ಕೇಳು. ಕಾಫಿಯಂತಹ ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಸಿಗಲು ಸಾಮಾನ್ಯವಾಗಿ ಮೂರು ವರ್ಷದ ಪರಿವರ್ತನೆಯ ಕಾಲ ಬೇಕು. ಪಕ್ಕದ ತೋಟದವರು ಹೊಡೆಸಿದ ಔಷಧ ಗಾಳಿಯಲ್ಲಿ ಬಾರದಂತೆ ಗಡಿಯಲ್ಲಿ ಒಂದಷ್ಟು ಜಾಗವನ್ನೂ ಬಿಡಬೇಕು. ಔಷಧವಿಲ್ಲದೆ ನಿಮ್ಮ ರೊಬಸ್ಟಾ ಕಾಫಿ ತಾಳಿಕೊಂಡೀತು. ಮೇಲಿನ ಅರೇಬಿಕಾ ತುಂಡಿನಲ್ಲಿ ಮಾತ್ರ ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ ಮಾಡಿಸುವಾಗ ನೀನೇ ನಿಂತು ನೋಡು. ನೆರಳು ಜಾಸ್ತಿ ತೆಗೆದು ಕಾಂಡಕ್ಕೆ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕ ಹುಳು ಬಂದು ಕೂರುತ್ತದೆ. ಕೊಯ್ಲು ಮುಗಿದ ಮೇಲೆ ಉದುರು ಕಾಯಿಯನ್ನು ಒಂದೂ ಬಿಡದೆ ಹೆಕ್ಕಿಸು, ಇಲ್ಲದಿದ್ದರೆ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಬರುತ್ತದೆ. ಇದೆಲ್ಲ ಆಳು ಖರ್ಚಿನ ಕೆಲಸ. ಪ್ರಮಾಣಪತ್ರ ಕೈಗೆ ಬರುವವರೆಗೆ ಫಲಕದಲ್ಲಿ ಮನೆಯ ಹೆಸರು ಬರೆಸಿದರೆ ಸಾಕು.

ತಿಂಡಿಗೆ ಬ್ರೆಡ್ಡು, ಜಾಮು ತರಿಸಲು ಗೋಣಿಕೊಪ್ಪಕ್ಕೆ ಓಡಬೇಡ. ಪಾಪುಟ್ಟು, ನೂಲ್‌ಪುಟ್ಟು, ಅಕ್ಕಿರೊಟ್ಟಿ, ಪೆಟ್ಟಿಗೆಯ ಜೇನು, ಕಿತ್ತಳೆಯ ಕಾಲದಲ್ಲಿ ಕಿತ್ತಳೆ. ಮಳೆಗಾಲದಲ್ಲಿ ಬೈಂಬಳೆ, ಅಂದರೆ ಎಳೆ ಬಿದಿರು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಯಾರಾದರೂ ಉಳಿದಿದ್ದರೆ ಮದ್ದುಸೊಪ್ಪಿನ ಪಾಯಸ ಕೊಡು, ಆದರೆ ಮೂತ್ರ ಕೆಂಪಾಗುತ್ತದೆ ಎಂದು ಮೊದಲೇ ಹೇಳಿಬಿಡು. ಇಲ್ಲವಾದರೆ ಮಧ್ಯರಾತ್ರಿ ಆಸ್ಪತ್ರೆಗೆ ಗಾಡಿ ಹೊರಡಿಸಬೇಕಾಗುತ್ತದೆ! ಪಂದಿಕರಿ (ಹಂದಿಮಾಂಸದ ಸಾರು) ತಿನ್ನುತ್ತಾ ಒಬ್ಬನಾದರೂ ಮೆಲ್ಲಗೆ ‘ಕಾಡುಹಂದಿ ಸಿಗುತ್ತದೆಯೇ’ ಎಂದು ಕೇಳದೆ ಇರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಎಂದು ಬಾಯಿಪಾಠ ಮಾಡಿಟ್ಟುಕೊಂಡು ಗಟ್ಟಿಯಾಗಿಯೇ ಉತ್ತರ ಕೊಡು.

ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರ್ ನಂಬಿ ಕೂರಬೇಡ. ಕಾಫಿ ಗಿಡ ಸವರುವ ಗಿಡಗಸಿಯ ಕಡ್ಡಿಯನ್ನು ಬೇಸಿಗೆಯಲ್ಲೇ ಒಣಗಿಸಿಟ್ಟರೆ ಹಂಡೆಯ ನೀರು ಕಾಯುತ್ತದೆ. ಆ ತಿಂಗಳುಗಳಲ್ಲಿ ಕೋಣೆ ಖಾಲಿ ಇದ್ದರೂ ಚಿಂತೆಯಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಕಡೆ ಗುಡ್ಡ ಜರಿದದ್ದು ನೆನಪಿದೆಯಲ್ಲ? ಜೋರು ಮಳೆಯ ದಿನ ಬುಕಿಂಗ್ ಇದ್ದರೆ ಹಣ ಹಿಂದಿರುಗಿಸಿ, ಬರಬೇಡಿ ಎನ್ನು.

ಪ್ರವಾಸೋದ್ಯಮ ಇಲಾಖೆಯ ನೋಂದಣಿ, ವಿದೇಶಿಯರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಕೊಡಬೇಕಾದ ಮಾಹಿತಿ, ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ನಿನ್ನ ನಕ್ಷೆಯಲ್ಲಿ ಎಲ್ಲೂ ಕಾಣದೇ ಹೋದದ್ದು ಕೊಳಚೆ ನೀರು. ಆ ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ, ಅದು ಕಾವೇರಿಗೆ. ಕೆಳಗಿನ ಮನೆಯವರ ಗದ್ದೆಗೂ ಅದೇ ನೀರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರನ್ನು ತೋಡಿಗೆ ಬಿಟ್ಟರೆ ಜಗಳವಾಗುವ ಊರಿನಲ್ಲಿ ಬಚ್ಚಲ ನೀರನ್ನು ಬಿಟ್ಟು ಪರಿಸರದ ಮಾತಾಡಲು ಆಗುವುದಿಲ್ಲ. ಪಾಯಿಖಾನೆಯ ಗುಂಡಿ ಆ ತೋಡಿನಿಂದಲೂ ಬಾವಿಯಿಂದಲೂ ದೂರವಿರಬೇಕು. ಬಚ್ಚಲ ನೀರು ಬಾಳೆಬುಡಕ್ಕೆ ಹೋಗಲಿ. ಕಾಫಿ ಒಣಗಿಸುವ ಕೆಲಸ ಮುಗಿದ ಕೂಡಲೇ ನಾನೇ ಬಂದು ಜಾಗ ಗುರುತು ಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಬ್ಯಾಂಕಿನವರ ಯಾವ ಕಾಗದಕ್ಕೂ ಸಹಿ ಹಾಕಬೇಡ. ನಿನ್ನಮ್ಮನಿಗೂ ಇದನ್ನು ಓದಿ ಹೇಳು.

ನಿನ್ನ
ದೊಡ್ಡಮ್ಮ