ಮಗಳಿಗೊಂದು ಪತ್ರ: ಮತ್ಸ್ಯಕನ್ಯೆ ಎಸೆದ ಚೂರಿ

ಸಾಧನಕೇರಿ, ಧಾರವಾಡ

ಪ್ರೀತಿಯ ಮಗಳೇ,

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಪುಟ್ಟ ಮತ್ಸ್ಯಕನ್ಯೆಯ ಕಥೆಯನ್ನು ಓದಿ ಮುಗಿಸಿದವಳೇ, ಅಷ್ಟೆಲ್ಲ ತ್ಯಾಗ ಮಾಡಿದರೂ ರಾಜಕುಮಾರ ಅವಳಿಗೆ ಸಿಗಲಿಲ್ಲವಲ್ಲ ಎಂದು ನೀನು ಸಿಟ್ಟಿನಿಂದ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅವಳು ಮೊದಲು ಕೊಟ್ಟದ್ದೇನೆಂದು ನೋಡು. ಬಾಲ ಹೋಗಿ ಕಾಲು ಬರುವ ಮದ್ದಿಗೆ ಪ್ರತಿಯಾಗಿ ಸಮುದ್ರದ ಮಾಟಗಾತಿ ಅವಳ ದನಿಯನ್ನು ಕೇಳುತ್ತಾಳೆ, ನಾಲಿಗೆಯನ್ನೇ ಕತ್ತರಿಸುತ್ತಾಳೆ. ಬಂದ ಕಾಲುಗಳಿಂದಲೂ ಸುಖವಿಲ್ಲ; ಒಂದೊಂದು ಹೆಜ್ಜೆಗೂ ಚೂರಿಯ ಅಲಗಿನ ಮೇಲೆ ನಡೆದಂತಹ ನೋವು. ನಸುಕಿನಲ್ಲಿ ತಂಬೂರಿ ಹಿಡಿದು ರಿಯಾಜಿಗೆ ಕೂರುವ, ನೆಗಡಿಯಾಗಿ ಷಡ್ಜ ನಿಲ್ಲದಿದ್ದರೆ ಊಟವೂ ಸೇರದ ನಿನಗೆ ದನಿ ಹೋಗುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಕಥೆಯಲ್ಲಿ ದನಿ ಬರೀ ಹಾಡಲ್ಲ. ಮುಳುಗುತ್ತಿದ್ದ ರಾಜಕುಮಾರನನ್ನು ದಡಕ್ಕೆ ತಂದವಳು ಇವಳೇ. ಅವನಾದರೋ ದಡದಲ್ಲಿ ತನ್ನನ್ನು ಕಂಡ ಇನ್ನೊಬ್ಬ ಹುಡುಗಿಯೇ ಜೀವ ಉಳಿಸಿದಳೆಂದು ನಂಬಿ, ಅದನ್ನು ಇವಳೆದುರಿಗೇ ಹೇಳುತ್ತಾನೆ. ‘ನಿನ್ನನ್ನು ಉಳಿಸಿದವಳು ನಾನು’ ಎಂಬ ಒಂದು ಮಾತು ಸಾಕಿತ್ತು. ತನ್ನ ನಿಜವನ್ನು ತಾನೇ ಹೇಳಿಕೊಳ್ಳುವ ಶಕ್ತಿಯನ್ನು ಅವಳು ಮಾರಿಬಿಟ್ಟಿದ್ದಳು. ಇದನ್ನು ನಾನು ತ್ಯಾಗವೆಂದು ಒಪ್ಪಲಾರೆ. ಇದು ವ್ಯಾಪಾರ, ಅದೂ ನಷ್ಟದ ವ್ಯಾಪಾರ.

ಅವಳಿಗೆ ಬೇಕಾಗಿದ್ದುದು ರಾಜಕುಮಾರನೊಬ್ಬನೇ ಅಲ್ಲ. ಮತ್ಸ್ಯಕನ್ಯೆಯರು 300 ವರ್ಷ ಬಾಳಿ ನೊರೆಯಾಗುತ್ತಾರೆ, ಮನುಷ್ಯರಿಗಿರುವ ಅಳಿಯದ ಆತ್ಮ ಅವರಿಗಿಲ್ಲ ಎಂದು ಅಜ್ಜಿ ಹೇಳಿದಂದಿನಿಂದ ಆ ಆತ್ಮದ ಹಂಬಲವೂ ಅವಳನ್ನು ಹಿಡಿದಿತ್ತು.

ನಿಜವಾದ ತ್ಯಾಗ ಬರುವುದು ಕೊನೆಯ ರಾತ್ರಿ, ರಾಜಕುಮಾರ ಇನ್ನೊಬ್ಬಳನ್ನು ಮದುವೆಯಾದ ಮೇಲೆ, ಮದುವೆಯ ಹಡಗಿನಲ್ಲಿ. ಅಕ್ಕಂದಿರು ತಮ್ಮ ಕೂದಲನ್ನು ಮಾಟಗಾತಿಗೆ ಕೊಟ್ಟು ಚೂರಿಯೊಂದನ್ನು ತಂದಿದ್ದಾರೆ. ಸೂರ್ಯ ಹುಟ್ಟುವ ಮೊದಲು ಅದನ್ನು ಮದುಮಗನ ಎದೆಗಿಳಿಸಿ, ಅವನ ರಕ್ತ ಕಾಲಿಗೆ ಬಿದ್ದರೆ ಮತ್ತೆ ಬಾಲ ಮೂಡುತ್ತದೆ; ಇಲ್ಲವಾದರೆ ಬೆಳಗಾದೊಡನೆ ಅವಳು ನೊರೆಯಾಗುತ್ತಾಳೆ. ಅವಳು ಪರದೆ ಸರಿಸುತ್ತಾಳೆ, ಅವನ ಹಣೆಗೆ ಮುತ್ತಿಡುತ್ತಾಳೆ, ಅವನು ಹೆಂಡತಿಯ ಹೆಸರನ್ನು ಕನವರಿಸುವುದನ್ನು ಕೇಳಿಸಿಕೊಳ್ಳುತ್ತಾಳೆ. ಚೂರಿ ಕೈಯಲ್ಲಿ ನಡುಗುತ್ತದೆ. ಅದನ್ನು ಅವಳು ದೂರದ ಅಲೆಗಳಿಗೆ ಎಸೆದುಬಿಡುತ್ತಾಳೆ. ಕಾಲಡಿಯ ಚೂರಿಗಳನ್ನು ಅಷ್ಟು ಕಾಲ ಸಹಿಸಿದವಳು, ಆ ನೋವಿನ ಲೆಕ್ಕವನ್ನು ಕೈಯ ಚೂರಿಯಿಂದ ಇನ್ನೊಬ್ಬರ ಮೇಲೆ ತೀರಿಸಲಿಲ್ಲ. ಇದಕ್ಕೆ ಪ್ರತಿಯಾಗಿ ಏನೂ ಸಿಗುವಂತಿಲ್ಲ, ಅವನಿಗೆ ತಿಳಿಯುವುದೂ ಇಲ್ಲ.

ನಮ್ಮ ಜನಪದ ಹಾಡು ‘ಕೆರೆಗೆ ಹಾರ’ದ ಭಾಗೀರಥಿಯನ್ನು ಇವಳ ಪಕ್ಕದಲ್ಲಿಟ್ಟು ನೋಡು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರೂ ಬರಲಿಲ್ಲವೆಂದು, ಕಿರಿಯ ಸೊಸೆಯಾದ ಅವಳನ್ನು ಹಾರ, ಅಂದರೆ ಬಲಿ, ಕೊಡುವುದಾಗಿ ಮನೆಯವರು ನಿಶ್ಚಯಿಸುತ್ತಾರೆ. ಮರೆತುಬಂದ ಬಂಗಾರದ ಬಟ್ಟಲನ್ನು ತರಲು ಅವಳೊಬ್ಬಳೇ ಹೋಗುತ್ತಾಳೆ, ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ಊರಿಗೆ ನೀರು ಸಿಕ್ಕಿತು, ನಿಜ; ಆದರೆ ಆ ನಿರ್ಧಾರ ಅವಳದಾಗಿರಲಿಲ್ಲ. ಹಾಡು ಕಟ್ಟಿದವರ ಮನಸ್ಸಿಗೂ ಇದು ಚುಚ್ಚಿರಬೇಕು. ಇಲ್ಲದಿದ್ದರೆ ದಂಡಿನಿಂದ ಧಾವಿಸಿ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಿರಲಿಲ್ಲ. ಇನ್ನೊಬ್ಬರು ನಿನ್ನಿಂದ ಕಿತ್ತುಕೊಂಡದ್ದನ್ನು ನಿನ್ನ ತ್ಯಾಗವೆಂದು ಹೊಗಳಿದರೆ, ದಯವಿಟ್ಟು ಆ ಹೊಗಳಿಕೆಗೆ ತಲೆಬಾಗಬೇಡ.

ಇನ್ನು ಕಥೆಯ ಕಡೆಯ ಭಾಗ. ಕಡಲಿಗೆ ಹಾರಿ ನೊರೆಯಾದ ಮತ್ಸ್ಯಕನ್ಯೆ ಗಾಳಿಯ ಕನ್ಯೆಯರ ಜೊತೆ ಸೇರುತ್ತಾಳೆ, 300 ವರ್ಷ ಒಳಿತು ಮಾಡಿದರೆ ಅವಳಿಗೂ ಆತ್ಮ ದೊರೆಯುತ್ತದೆ. ಒಳ್ಳೆಯ ಮಗುವನ್ನು ಕಂಡರೆ ಅವಧಿಯಲ್ಲಿ ಒಂದು ವರ್ಷ ಕಡಿಮೆ, ಕೆಟ್ಟ ಮಗುವಿಗಾಗಿ ಸುರಿಸಿದ ಪ್ರತಿ ಕಣ್ಣೀರಿಗೂ ಒಂದು ದಿನ ಹೆಚ್ಚು. ಮಕ್ಕಳನ್ನು ಅಂಕೆಯಲ್ಲಿಡಲು ಸೇರಿಸಿದಂತಿರುವ ಈ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಚೂರಿ ಎಸೆಯುವಾಗ ಈ ಫಲದ ಸುಳಿವೂ ಅವಳಿಗಿರಲಿಲ್ಲ. ಆದರೆ ಈ ಲೆಕ್ಕಾಚಾರಕ್ಕೂ ಕೆಲವೇ ಸಾಲು ಹಿಂದೆ, ನೊರೆಯಿಂದ ಮೇಲೇಳುತ್ತಾ, ತಾನು ಯಾರ ಬಳಿಗೆ ಬರುತ್ತಿದ್ದೇನೆ ಎಂದು ಅವಳು ಕೇಳುತ್ತಾಳೆ. ಬಾಯಿಬಿಟ್ಟು ಕೇಳುತ್ತಾಳೆ, ಮಗಳೇ. ಮಾರಿಹೋದ ದನಿ ಮರಳಿದೆ. ರಾಜಕುಮಾರ ಸಿಗಲಿಲ್ಲವೆಂದು ನೊಂದ ನೀನು ಆ ಸಾಲನ್ನು ದಾಟಿ ಹೋಗಿರುವೆಯೆಂದು ನನ್ನ ಊಹೆ. ಇನ್ನೊಮ್ಮೆ ಓದಿ, ನಿನಗೇನನ್ನಿಸಿತೆಂದು ಬರೆ.

ನಿನ್ನ ಅವ್ವ