ಸುಡೋಮೊನಾಸ್ ಅಂತ ಬರೆದು ಕೈತೊಳೆದುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಮಳೆ ಶುರುವಾದರೆ ಸಾಕು, ಪತ್ರಿಕೆಗಳಲ್ಲಿ ಡೆಂಗಿ, ಇಲಿಜ್ವರದ ಸುದ್ದಿ. ಬರಲಿ, ಬೇಕು. ಆದರೆ ನಮ್ಮ ಉಡುಪಿ, ಮಂಗಳೂರು ಕಡೆ ಇದೇ ಹೊತ್ತಿಗೆ ಜಾಸ್ತಿಯಾಗುವ ಮೆಲಿಯಾಯ್ಡೋಸಿಸ್ ಹೆಸರು ಎಷ್ಟು ಜನರಿಗೆ ಗೊತ್ತು? ಗದ್ದೆಯ ಕೆಸರಲ್ಲಿ, ನಿಂತ ನೀರಲ್ಲಿ ಇರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಇದು. ಬ್ಯಾಕ್ಟೀರಿಯಾ ಕಾಲಿನ ಸಣ್ಣ ಗಾಯದಿಂದ ಒಳಗೆ ಹೋಗುತ್ತದೆ, ಶುಗರ್ ಇರುವವರನ್ನು ಹೆಚ್ಚು ಹಿಡಿಯುತ್ತದೆ. ವಾರಗಟ್ಟಲೆ ಜ್ವರ, ಕೆಮ್ಮು, ಕೆಲವರಿಗೆ ಲಿವರ್‌ನಲ್ಲಿ ಕೀವು. ಎಕ್ಸ್‌ರೇಯಲ್ಲಿ ಟಿಬಿ ಥರ ಕಾಣುವುದರಿಂದ ಸುಮ್ನೆ ಟಿಬಿ ಮಾತ್ರೆ ನುಂಗಿದವರೂ ಇದ್ದಾರೆ.

ನಾನು ಲ್ಯಾಬ್ ಕೆಲಸದವನು, ಹಾಗಾಗಿ ನನ್ನ ತಕರಾರು ನಮ್ಮವರ ಮೇಲೆಯೇ. ಕಲ್ಚರ್‌ಗೆ ಹಾಕಿದರೆ, ಅಂದರೆ ರೋಗಿಯ ರಕ್ತ, ಕೀವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡಿದರೆ, ಈ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುತ್ತದೆ. ಮೊದಲ ದಿನ ಸೂಜಿಮೊನೆಯಷ್ಟು ಚುಕ್ಕೆ, ಮೂರು ನಾಲ್ಕು ದಿನ ಬಿಟ್ಟರೆ ಒಣಗಿ ಸುಕ್ಕುಗಟ್ಟಿದ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು). ಅಲ್ಲಿಯವರೆಗೆ ಕಾಯದೆ 'ಸುಡೋಮೊನಾಸ್' (ಲ್ಯಾಬ್‌ನಲ್ಲಿ ಮಾಮೂಲಿಯಾಗಿ ಸಿಗುವ ಬೇರೊಂದು ಬ್ಯಾಕ್ಟೀರಿಯಾ) ಅಂತ ಬರೆದು ಕಳಿಸಿಬಿಡುತ್ತಾರೆ. ಅನುಮಾನ ಬಂದರೆ ಪ್ಲೇಟಿನ ಮೇಲೆ ಮೂರು ಡಿಸ್ಕ್ (ಔಷಧಿ ಹೀರಿಸಿದ ಕಾಗದದ ಪುಟ್ಟ ಬಿಲ್ಲೆ) ಇಟ್ಟು ನೋಡಿ: ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಕ್ಲಾವ್. ಮೆಲಿಯಾಯ್ಡೋಸಿಸ್ ಆದರೆ ಮೊದಲ ಎರಡು ಡಿಸ್ಕಿನ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿರುತ್ತದೆ, ಮೂರನೆಯದರ ಸುತ್ತ ಮಾತ್ರ ತಿಳಿಯಾದ ಉಂಗುರ. ಮಾಮೂಲಿ ಸುಡೋಮೊನಾಸ್‌ನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಇಷ್ಟರಿಂದಲೇ ರೋಗ ಖಚಿತ ಆಗುವುದಿಲ್ಲ, ಆದರೆ ಡಾಕ್ಟರಿಗೆ ಫೋನ್ ಮಾಡಿ ದೊಡ್ಡ ಲ್ಯಾಬ್‌ಗೆ ಕಳಿಸಲು ಇಷ್ಟು ಸಾಕು. (ಪ್ಲೇಟಿನ ವಾಸನೆ ನೋಡುವ ಚಟ ಇರುವವರು ದಯವಿಟ್ಟು ಬಿಡಿ, ಉಸಿರಿನಿಂದಲೂ ಇದು ಬರುತ್ತದೆ.)

ಇದು ಬರೀ ಹೆಸರಿನ ವಿಷಯ ಅಲ್ಲ, ಔಷಧಿಯೇ ಬೇರೆ. ಜ್ವರ ಅಂತ ಅಡ್ಮಿಟ್ ಆದ ಕೂಡಲೇ ಹಾಕುವ ಜೆಂಟಾಮೈಸಿನ್ ಇಲ್ಲಿ ದಂಡ. ಸೆಫ್ಟ್ರಿಯಾಕ್ಸೋನ್ ಇನ್ನೂ ಮೋಸದ್ದು: ಪ್ಲೇಟಿನಲ್ಲಿ ಕೆಲಸ ಮಾಡುವಂತೆ ಕಂಡರೂ ರೋಗಿಯಲ್ಲಿ ಸೋಲುತ್ತದೆ. ಬೇಕಾಗುವುದು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಕಡಿಮೆಯೆಂದರೆ 10ರಿಂದ 14 ದಿನ ರಕ್ತನಾಳಕ್ಕೆ. 1989ರಲ್ಲಿ ಥಾಯ್ಲೆಂಡ್‌ನಿಂದ ಪ್ರಕಟವಾದ ಅಧ್ಯಯನದಲ್ಲಿ ಸೆಫ್ಟಾಜಿಡಿಮ್ ಕೊಟ್ಟವರಲ್ಲಿ ಸಾವು ಶೇ 74ರಿಂದ 37ಕ್ಕೆ ಇಳಿದಿತ್ತು. ಅರ್ಧಕ್ಕೆ ಅರ್ಧ, ಅಲ್ವಾ?

ಆಮೇಲೆ ಕನಿಷ್ಠ ಮೂರು ತಿಂಗಳು ಕೋ-ಟ್ರೈಮೊಕ್ಸಜೋಲ್ ಮಾತ್ರೆ. ಇಲ್ಲೂ ಲ್ಯಾಬ್ ಎಡವುತ್ತದೆ. ಈ ಔಷಧಿಯ ಡಿಸ್ಕಿನ ಉಂಗುರದೊಳಗೆ ತೆಳ್ಳಗೆ ಮಂಜಿನಂಥ ಬೆಳವಣಿಗೆ ಉಳಿಯುವುದುಂಟು, ಅದನ್ನೇ ಲೆಕ್ಕಕ್ಕೆ ಹಿಡಿದು 'ರೆಸಿಸ್ಟೆಂಟ್' (ಔಷಧಿ ನಾಟುವುದಿಲ್ಲ) ಅಂತ ಬರೆದರೆ ರೋಗಿಗೆ ಇರುವ ಒಳ್ಳೆಯ ಮಾತ್ರೆಯೇ ತಪ್ಪಿಹೋಗುತ್ತದೆ. ಹಾಗೆ ಕಂಡಾಗ ಇ-ಟೆಸ್ಟ್ ಪಟ್ಟಿ (ಬ್ಯಾಕ್ಟೀರಿಯಾ ತಡೆಯಲು ಎಷ್ಟು ಔಷಧಿ ಬೇಕೆಂದು ಅಳೆಯುವ ಪಟ್ಟಿ) ಹಾಕಿ ಇನ್ನೊಮ್ಮೆ ನೋಡಬೇಕು. ಇನ್ನು ರೋಗಿಗಳು, ಜ್ವರ ಬಿಟ್ಟಿತು ಅಂತ ತಿಂಗಳಿಗೇ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರಳಿ ಬರಬಹುದು. ಅಲರ್ಜಿಯಾದರೆ ಡಾಕ್ಟರನ್ನು ಕೇಳಿ, ನೀವೇ ಬಿಡಬೇಡಿ.

ಆರೋಗ್ಯ ಇಲಾಖೆಯವರಲ್ಲಿ ಒಂದೇ ಕೋರಿಕೆ: ಕರಾವಳಿಯ ತಾಲೂಕು ಆಸ್ಪತ್ರೆ ಲ್ಯಾಬ್‌ಗಳಿಗೆ ಈ ಮೂರು ಡಿಸ್ಕ್ ಮಳೆಗಾಲಕ್ಕೆ ಮೊದಲೇ ತಲುಪಿಸಿ.

– ಒಬ್ಬ ಲ್ಯಾಬ್ ಟೆಕ್ನೀಷಿಯನ್, ಉಡುಪಿ ಜಿಲ್ಲೆ